ಅರ್ಧಕ್ಕೆ ನಿಂತ ಆಟವಲ್ಲ: ಬಾಬಿ ಓರ್ ವೃತ್ತಿಬದುಕಿನ ಒಂದು ವಿಮರ್ಶೆ

ಬಾಬಿ ಓರ್ ಹೆಸರೆತ್ತಿದರೆ ಸಾಕು, ಬಾಸ್ಟನ್ನಿನಲ್ಲಾಗಲಿ ಒಂಟಾರಿಯೊದಲ್ಲಾಗಲಿ ಐಸ್ ಹಾಕಿ ಬಲ್ಲ ಹಿರಿಯರು ಬಹುಪಾಲು ಒಂದೇ ಮಾತಿನಿಂದ ಶುರು ಮಾಡುತ್ತಾರೆ: ಆ ಮೊಣಕಾಲು ಕೈಕೊಡದೆ ಇದ್ದಿದ್ದರೆ! ಇನ್ನೊಂದು ಹತ್ತು ವರ್ಷ ಆಡಿದ್ದರೆ! ಈ ಮಾತಿನಲ್ಲಿ ಪ್ರೀತಿಯಿದೆ, ನಿಜವಾದ ಸಂಕಟವೂ ಇದೆ. ಆದರೆ ಅರ್ಧ ಶತಮಾನದಿಂದ ಇದನ್ನೇ ಹೇಳುತ್ತ ಬಂದದ್ದರಿಂದ ಒಂದು ನಷ್ಟವೂ ಆಗಿದೆ. ಆಡದೆ ಹೋದ ವರ್ಷಗಳ ಕೊರಗಿನಲ್ಲಿ ಆಡಿದ ವರ್ಷಗಳನ್ನು ಸರಿಯಾಗಿ ತೂಗಿ ನೋಡುವ ಕೆಲಸ ಹಿಂದೆ ಬಿದ್ದಿದೆ. ಹನ್ನೆರಡು ಋತುಗಳು, 657 ಪಂದ್ಯಗಳು. ಈ ವೃತ್ತಿಬದುಕು ನನಗೆ ಅಪೂರ್ಣವೆಂದು ಕಾಣುವುದಿಲ್ಲ. ಆಟದ ಬಗ್ಗೆ ಹೇಳಬೇಕಾದದ್ದನ್ನು ಓರ್ ಪೂರ್ತಿಯಾಗಿ ಹೇಳಿಯೇ ಹೋದರು. ಮುರಿದುಬಿದ್ದದ್ದು ಒಂದು ದೇಹ ಮತ್ತು ಒಂದು ನಂಬಿಕೆ. ಅವು ಹೇಗೆ ಮುರಿದವು ಎಂಬುದನ್ನು ವಿಧಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವಂತಿಲ್ಲ.

ನಮಗೆ ಹಾಕಿ ಎಂದರೆ ಕೊಡಗಿನ ಮೈದಾನಗಳು, ಹನ್ನೊಂದು ಜನರ ತಂಡ, ಚೆಂಡು. ಉತ್ತರ ಅಮೆರಿಕದ ಹಾಕಿಯೇ ಬೇರೆ. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆಯ ಅಂಗಳ, ಸುತ್ತ ಹಲಗೆಯ ಗೋಡೆ, ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ, ಅಂದರೆ ಪಕ್. ಒಂದು ಕಡೆಗೆ ಆರು ಜನ: ಗೋಲಿ, ಇಬ್ಬರು ರಕ್ಷಕರು, ಮೂವರು ಮುನ್ನುಗ್ಗುವವರು. ಸ್ಕೇಟ್ ಕಟ್ಟಿಕೊಂಡು ಇಷ್ಟು ವೇಗದಲ್ಲಿ ಓಡುವ ಆಟದಲ್ಲಿ ಯಾರೂ ಅರವತ್ತು ನಿಮಿಷ ಒಂದೇ ಸಮನೆ ನಿಲ್ಲಲಾರರು. ಒಂದು ಗುಂಪು ಒಂದೊಂದು ನಿಮಿಷ ಆಡಿ ಬೆಂಚಿಗೆ ಮರಳುತ್ತದೆ, ಇನ್ನೊಂದು ಇಳಿಯುತ್ತದೆ. ಗೋಲು ಹೊಡೆದವನಿಗೆ ಒಂದು ಪಾಯಿಂಟ್, ಆ ಗೋಲಿಗೆ ಪಾಸ್ ಕೊಟ್ಟು ನೆರವಾದವರಿಗೂ ಒಂದೊಂದು ಪಾಯಿಂಟ್. ಅಲ್ಲಿನ ಮುಖ್ಯ ವೃತ್ತಿಪರ ಲೀಗಿನಲ್ಲಿ ಋತುವಿನ ಕೊನೆಗೆ ಅತಿ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಆರ್ಟ್ ರಾಸ್ ಟ್ರೋಫಿ. ಅದು ಮುನ್ನುಗ್ಗುವವರ ಸ್ವತ್ತು ಎಂದೇ ಎಲ್ಲರ ತಿಳಿವಳಿಕೆ. ಇಂದಿನವರೆಗೆ ಅದನ್ನು ಗೆದ್ದ ರಕ್ಷಕ ಒಬ್ಬರೇ. ಅವರು ಬಾಬಿ ಓರ್, ಅದೂ ಎರಡು ಸಲ, 1970 ಮತ್ತು 1975ರಲ್ಲಿ.

ರಕ್ಷಕ ಮುಂದೆ ನುಗ್ಗುವುದನ್ನು ಓರ್ ಕಂಡುಹಿಡಿದರು ಎಂದು ಹಲವರು ಬರೆಯುತ್ತಾರೆ. ಇದು ಸರಿಯಲ್ಲ, ಹಿಂದಿನವರಿಗೆ ಅನ್ಯಾಯವೂ ಹೌದು. ಓರ್ ಮುಂದೆ ಆಡಿದ ಬಾಸ್ಟನ್ ತಂಡದಲ್ಲೇ 1930ರ ದಶಕದಲ್ಲಿ ಎಡ್ಡಿ ಶೋರ್ ಪಕ್ ಹಿಡಿದು ಇಡೀ ಅಂಗಳ ಸೀಳಿಕೊಂಡು ಹೋಗುತ್ತಿದ್ದರು. ಡೆಟ್ರಾಯಿಟ್‌ನ ರೆಡ್ ಕೆಲ್ಲಿಗೂ ಗೋಲಿನ ದಾರಿ ಗೊತ್ತಿತ್ತು. ಮಾಂಟ್ರಿಯಲ್‌ನ ಡಗ್ ಹಾರ್ವೆ 1950ರ ದಶಕದಲ್ಲಿ ಆಟದ ವೇಗವನ್ನೇ ತಮ್ಮ ಸ್ಟಿಕ್ಕಿನ ತುದಿಯಲ್ಲಿ ಇಟ್ಟುಕೊಂಡಿದ್ದರು; ಬೇಕೆಂದಾಗ ನಿಧಾನ, ಬೇಕೆಂದಾಗ ಚುರುಕು. ಆದರೆ ಇವರೆಲ್ಲರ ನುಗ್ಗಾಟಕ್ಕೆ ಒಂದು ಮಿತಿ ಇತ್ತು. ಅದು ಸಂದರ್ಭ ನೋಡಿ ಮಾಡುವ ಸಾಹಸ. ಮುಗಿದ ಕೂಡಲೇ ತಮ್ಮ ಜಾಗಕ್ಕೆ ಮರಳಬೇಕು. ಓರ್ ಬರುವ ಮುಂಚೆ ರಕ್ಷಕನೊಬ್ಬ ಒಂದು ಋತುವಿನಲ್ಲಿ ಗಳಿಸಿದ್ದ ಗರಿಷ್ಠ ಪಾಯಿಂಟ್ 59, ಶಿಕಾಗೊದ ಪಿಯರ್ ಪಿಲೋಟ್ 1964-65ರಲ್ಲಿ ಗಳಿಸಿದ್ದು. ಆರು ವರ್ಷಗಳ ನಂತರ ಓರ್ ಗಳಿಸಿದ್ದು 139. ಇಷ್ಟು ದೊಡ್ಡ ಜಿಗಿತವನ್ನು ‘ಸುಧಾರಣೆ’ ಎಂದು ಕರೆಯಲಾಗದು. ರಕ್ಷಣೆ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಗೇ ಅವರು ಬೇರೆ ಉತ್ತರ ಕೊಟ್ಟಿದ್ದರು.

ಆ ಉತ್ತರ ಸರಳವಾದದ್ದು. ಪಕ್ ನಮ್ಮ ಬಳಿ ಇರುವಷ್ಟು ಹೊತ್ತು ಎದುರಾಳಿ ಗೋಲು ಹೊಡೆಯಲಾರ. ಆದ್ದರಿಂದ ಪಕ್ಕನ್ನು ಬಿಡದೆ ಇಟ್ಟುಕೊಳ್ಳುವುದೇ ಮೊದಲ ರಕ್ಷಣೆ. ಮೈಮೇಲೆ ಬಿದ್ದು ತಡೆಯುವುದು ಅದಾದ ಮೇಲಿನ ಮಾತು. ಹೇಳುವುದು ಸುಲಭ. ಆಡಿ ತೋರಿಸಲು ಮೂರು ಶಕ್ತಿಗಳು ಒಂದೇ ದೇಹದಲ್ಲಿ ಕೂಡಬೇಕಿತ್ತು: ಎಲ್ಲರಿಗಿಂತ ಹೆಚ್ಚಿನ ವೇಗ, ಆ ವೇಗದಲ್ಲಿಯೇ ದಿಕ್ಕು ಬದಲಿಸುವ ಕಾಲು, ಅಂಗಳದ ಮೇಲಿನ ಉಳಿದ ಹನ್ನೊಂದು ಜನ ಎಲ್ಲಿದ್ದಾರೆ ಎಂಬ ಅರಿವು. ಓರ್ ವೇಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಗಮನ ಸೆಳೆಯುವುದು ಅವರ ವೇಗದೊಳಗಿನ ಹಂತಗಳು. ಹಿಂದಿನಿಂದ ನಿಧಾನವಾಗಿ ಹೊರಟು, ಎದುರಾಳಿ ತನ್ನ ಅಂದಾಜು ಕಟ್ಟಿಕೊಳ್ಳಲು ಬಿಟ್ಟು, ಅವನ ಅಂದಾಜು ಗಟ್ಟಿಯಾದ ಕ್ಷಣದಲ್ಲಿ ಇನ್ನೊಂದು ವೇಗಕ್ಕೆ ಹೊರಳುವುದು. ಎದುರಾಳಿ ಹಿಂಬಾಲಿಸತೊಡಗುವಷ್ಟರಲ್ಲಿ ಮೂರನೆಯ ವೇಗವೊಂದು ಬರುತ್ತಿತ್ತು.

ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಬಾಸ್ಟನ್ ಕಡೆಯವನೊಬ್ಬ ಪೆನಾಲ್ಟಿಯಾಗಿ ಎರಡು ನಿಮಿಷ ಹೊರಗೆ ಕುಳಿತಾಗ. ಐವರ ಎದುರು ನಾಲ್ವರು. ಅಂಥ ಹೊತ್ತಿನಲ್ಲಿ ಸಿಕ್ಕ ಪಕ್ಕನ್ನು ಆ ತುದಿಗೆ ಬೀಸಿ ಎಸೆದು ಉಸಿರಾಡುವುದು ವಾಡಿಕೆ. ಓರ್ ಎಸೆಯುತ್ತಿರಲಿಲ್ಲ. ತಮ್ಮದೇ ಗೋಲಿನ ಹಿಂದೆ ಹೋಗಿ ತಿರುಗುವರು, ಮಧ್ಯಕ್ಕೆ ಬರುವರು, ದಾರಿ ಮುಚ್ಚಿದ್ದರೆ ಮತ್ತೆ ಹಿಂದಕ್ಕೆ ಸುತ್ತುವರು. ಐದು ಜನ ಅಟ್ಟಿಸಿಕೊಂಡು ಬರುತ್ತಿದ್ದಾರೆ, ಪಕ್ ಮಾತ್ರ ಒಬ್ಬರ ಸ್ಟಿಕ್ಕಿಗೇ ಅಂಟಿದೆ, ಗಡಿಯಾರ ಓಡುತ್ತಿದೆ. ರಕ್ಷಣೆಯ ಕುರಿತ ಅವರ ಇಡೀ ವಿಚಾರ ಆ ಕೆಲವು ಸೆಕೆಂಡುಗಳಲ್ಲಿ ಇದೆ. ಅವರು ಸ್ಕೇಟ್ ಬೂಟಿನೊಳಗೆ ಕಾಲುಚೀಲ ಹಾಕುತ್ತಿರಲಿಲ್ಲ, ಬರಿಗಾಲು. ಸ್ಟಿಕ್ಕಿನ ಅಲಗಿಗೆ ಎಲ್ಲರೂ ಸುತ್ತಿ ಸುತ್ತಿ ಅಂಟಿಸುವ ಟೇಪನ್ನು ಕಡಿಮೆ ಮಾಡುತ್ತ ಬಂದು ಕೊನೆಗೆ ಹೆಸರಿಗೊಂದು ಪಟ್ಟಿ ಉಳಿಸಿಕೊಂಡಿದ್ದರು. ಮಂಜುಗಡ್ಡೆಗೂ ತಮಗೂ ನಡುವೆ, ಪಕ್ಕಿಗೂ ತಮಗೂ ನಡುವೆ ಆದಷ್ಟು ಕಡಿಮೆ ಅಡ್ಡಿ ಇರಲಿ ಎಂಬ ಹಟ ಅದರಲ್ಲಿ ನನಗೆ ಕಾಣುತ್ತದೆ.

ಈ ಹುಡುಗನನ್ನು ರಕ್ಷಕನನ್ನಾಗಿ ಉಳಿಸಿದ ಶ್ರೇಯಸ್ಸು ಬಾಲ್ಯದ ತರಬೇತುದಾರ ಬಕೋ ಮ್ಯಾಕ್‌ಡೊನಾಲ್ಡ್ ಅವರದು. ಓರ್ ಹುಟ್ಟಿದ್ದು 1948ರ ಮಾರ್ಚ್ 20ರಂದು, ಒಂಟಾರಿಯೊದ ಜಾರ್ಜಿಯನ್ ಕೊಲ್ಲಿಯ ದಡದ ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಡಗ್ ಸ್ಫೋಟಕ ತಯಾರಿಸುವ ಕಾರ್ಖಾನೆಯ ಕೆಲಸಗಾರ. ಮಗ ಸಣಕಲ, ಆದರೆ ಚುರುಕು. ಮುನ್ನುಗ್ಗುವ ಜಾಗದಲ್ಲಿ ಆಡಿಸಬಾರದೇ ಎಂದು ತಂದೆ ಕೇಳಿದ್ದರು. ಹಿಂದೆ ತಾವೂ ವೃತ್ತಿಪರ ರಕ್ಷಕನಾಗಿ ಆಡಿದ್ದ ಮ್ಯಾಕ್‌ಡೊನಾಲ್ಡ್ ಒಪ್ಪಲಿಲ್ಲ. ರಕ್ಷಕನ ಜಾಗದಲ್ಲಿ ನಿಂತವನಿಗೆ ಇಡೀ ಅಂಗಳ ಎದುರಿಗೇ ಹರಡಿಕೊಂಡಿರುತ್ತದೆ. ಓರ್ ಆಟಕ್ಕೆ ಬೇಕಿದ್ದದ್ದು ಆ ನೋಟವೇ.

ಇನ್ನು ಅಂಕಿಗಳು. 1966ರಲ್ಲಿ ಬಾಸ್ಟನ್ ಬ್ರೂಯಿನ್ಸ್ ಸೇರಿದಾಗ ಓರ್‌ಗೆ ಹದಿನೆಂಟು. ಆ ಋತುವಿನ ಶ್ರೇಷ್ಠ ಹೊಸಬನಿಗೆ ಸಲ್ಲುವ ಕಾಲ್ಡರ್ ಟ್ರೋಫಿ ಅವರ ಪಾಲಾಯಿತು. ಶ್ರೇಷ್ಠ ರಕ್ಷಕನಿಗೆ ಕೊಡುವ ನಾರಿಸ್ ಟ್ರೋಫಿಯನ್ನು ಆ ವರ್ಷ ಗೆದ್ದ ನ್ಯೂಯಾರ್ಕಿನ ಹ್ಯಾರಿ ಹೋವೆಲ್, ಇನ್ನು ಮುಂದೆ ಇದು ಆ ಹುಡುಗನದೇ ಎಂಬರ್ಥದ ಮಾತು ಆಡಿದ್ದರು. ಹಾಗೆಯೇ ಆಯಿತು: 1968ರಿಂದ 1975ರವರೆಗೆ ಸತತ ಎಂಟು ವರ್ಷ ನಾರಿಸ್ ಬೇರೆ ಯಾರ ಕೈಗೂ ಹೋಗಲಿಲ್ಲ. 1970ರಿಂದ 1972ರವರೆಗೆ ಸತತ ಮೂರು ವರ್ಷ ಲೀಗಿನ ಅತ್ಯಮೂಲ್ಯ ಆಟಗಾರನಿಗಿರುವ ಹಾರ್ಟ್ ಟ್ರೋಫಿ. 1969-70ರ ಒಂದೇ ಋತುವಿನಲ್ಲಿ ನಾರಿಸ್, ಹಾರ್ಟ್, ಆರ್ಟ್ ರಾಸ್, ಜೊತೆಗೆ ಋತುವಿನ ಕೊನೆಯ ಸ್ಟ್ಯಾನ್ಲಿ ಕಪ್ ಪಂದ್ಯಾವಳಿಯ ಶ್ರೇಷ್ಠನಿಗಿರುವ ಕಾನ್ ಸ್ಮೈತ್. ಈ ನಾಲ್ಕನ್ನೂ ಒಂದೇ ವರ್ಷ ಇನ್ನಾರೂ ಗೆದ್ದಿಲ್ಲ. ಒಟ್ಟು 270 ಗೋಲು, 645 ನೆರವು, 915 ಪಾಯಿಂಟ್. ಪಂದ್ಯಕ್ಕೆ ಸರಾಸರಿ 1.39. ರಕ್ಷಕನ ಮಾತು ಹಾಗಿರಲಿ, ಮುನ್ನುಗ್ಗುವ ಆಟಗಾರರಲ್ಲೂ ಈ ಸರಾಸರಿಯನ್ನು ಮೀರಿದವರು ಬೆರಳೆಣಿಕೆಯಷ್ಟೇ.

ಪ್ರಶಸ್ತಿಗಳಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ಇನ್ನೊಂದು ಅಂಕಿಗೆ. ಆಟಗಾರ ಅಂಗಳದಲ್ಲಿರುವಾಗ ಹೆಚ್ಚು ಜನರ ಅನುಕೂಲವಿಲ್ಲದೆ ತಂಡ ಹೊಡೆದ ಗೋಲುಗಳಿಂದ ಎದುರಾಳಿ ಹಾಗೆಯೇ ಹೊಡೆದ ಗೋಲುಗಳನ್ನು ಕಳೆದರೆ ಉಳಿಯುವುದು ಪ್ಲಸ್-ಮೈನಸ್. 1970-71ರಲ್ಲಿ ಓರ್ ಅವರದು 124. ಆ ದಾಖಲೆ ಇಂದಿಗೂ ನಿಂತಿದೆ; ಮಾಂಟ್ರಿಯಲ್‌ನ ಲ್ಯಾರಿ ರಾಬಿನ್ಸನ್ 1976-77ರಲ್ಲಿ 120ರವರೆಗೆ ಬಂದಿದ್ದರು. ರಕ್ಷಕ ಮುಂದೆ ಹೋದರೆ ಹಿಂದೆ ಬಾಗಿಲು ತೆರೆದಿರುತ್ತದೆ ಎಂಬ ಹಳೆಯ ಆಕ್ಷೇಪಕ್ಕೆ ಇದು ನೇರ ಉತ್ತರ. ಅವರು ಮುಂದೆ ಹೋಗಿದ್ದರಿಂದ ಬಾಗಿಲು ಮುಚ್ಚಿತು.

ಆದರೂ ಈ ಅಂಕಿಗಳನ್ನು ಹಾಗೆಯೇ ನುಂಗಬಾರದು. 1967ರಲ್ಲಿ ಲೀಗ್ ಆರು ತಂಡಗಳಿಂದ ಹನ್ನೆರಡಕ್ಕೆ ಏರಿತು, 1970ರಲ್ಲಿ ಹದಿನಾಲ್ಕಕ್ಕೆ. ಅದುವರೆಗೆ ಕೆಳಹಂತದ ಲೀಗುಗಳಲ್ಲಿದ್ದ ಎಷ್ಟೋ ಆಟಗಾರರು ಒಮ್ಮೆಗೇ ಮೇಲಕ್ಕೆ ಬಂದರು. ಹೊಸ ತಂಡಗಳ ಎದುರು ಗೋಲುಗಳು ಅಗ್ಗವಾದವು. ಓರ್ ಜೊತೆಗಿದ್ದವರೂ ಸಾಮಾನ್ಯರಲ್ಲ: 1970-71ರ ಪಾಯಿಂಟ್ ಪಟ್ಟಿಯ ಮೊದಲ ನಾಲ್ಕು ಹೆಸರುಗಳೂ ಬಾಸ್ಟನ್ನಿನವೇ. ಫಿಲ್ ಎಸ್ಪೊಸಿಟೊ, ಓರ್, ಜಾನಿ ಬ್ಯುಸಿಕ್, ಕೆನ್ ಹಾಜ್. ಸಾಲದ್ದಕ್ಕೆ ಬಾಸ್ಟನ್ ಗಾರ್ಡನ್ ಅಂಗಳವೂ ಸಾಮಾನ್ಯ ಅಳತೆಗಿಂತ ಚಿಕ್ಕದು, ಒಂದು ತುದಿಯಿಂದ ಇನ್ನೊಂದಕ್ಕೆ ದೂರ ಕಡಿಮೆ. ಇಷ್ಟನ್ನೂ ಕಳೆದು ನೋಡಿದರೂ ಒಂದು ಮಾತು ಉಳಿಯುತ್ತದೆ. ಇದೇ ಸಡಿಲ ಲೀಗಿನಲ್ಲಿ ಉಳಿದ ರಕ್ಷಕರೂ ಆಡಿದರು. ಅವರಲ್ಲಿ ಒಬ್ಬರೂ ಓರ್ ಸಮೀಪಕ್ಕೆ ಬರಲಿಲ್ಲ. ಅಂಕಿಗಳು ಉಬ್ಬಿರಬಹುದು, ಅಂತರ ಉಬ್ಬಿದ್ದಲ್ಲ.

ಅತ್ಯುತ್ತಮ ಋತುವೇ ಅತ್ಯಂತ ಕೆಟ್ಟ ಸೋಲಿನಲ್ಲಿ ಮುಗಿದದ್ದನ್ನು ಓರ್ ಅಭಿಮಾನಿಗಳು ಹೆಚ್ಚು ಹೇಳುವುದಿಲ್ಲ. 1970-71ರಲ್ಲಿ ಬಾಸ್ಟನ್ 57 ಪಂದ್ಯ ಗೆದ್ದು 399 ಗೋಲು ಹೊಡೆದಿತ್ತು. ಏಪ್ರಿಲಿನಲ್ಲಿ ಕಪ್ಪಿನ ಮೊದಲ ಸುತ್ತಿಗೆ ಮಾಂಟ್ರಿಯಲ್ ಎದುರಾಯಿತು. ಅವರ ಗೋಲಿ ಕೆನ್ ಡ್ರೈಡನ್‌ಗೆ ಅದಕ್ಕೂ ಮುಂಚೆ ಲೀಗಿನಲ್ಲಿ ಆಡಿ ಗೊತ್ತಿದ್ದದ್ದು ಆರೇ ಪಂದ್ಯ. ಎರಡನೆಯ ಪಂದ್ಯದಲ್ಲಿ ಬಾಸ್ಟನ್ 5-1ರಿಂದ ಮುಂದಿತ್ತು. ಕೊನೆಗೆ 7-5ಕ್ಕೆ ಸೋತಿತು. ಸರಣಿ ಏಳನೆಯ ಪಂದ್ಯದವರೆಗೆ ಎಳೆದು ಮಾಂಟ್ರಿಯಲ್ ಪಾಲಾಯಿತು. ಇಲ್ಲಿ ತಪ್ಪು ಹುಡುಕಲೇಬೇಕು. ಆ ಬಾಸ್ಟನ್ ತಂಡಕ್ಕೆ ಮುನ್ನಡೆ ಸಿಕ್ಕರೂ ಬಿರುಸು ತಗ್ಗಿಸುವುದು ಗೊತ್ತಿರಲಿಲ್ಲ. ಹಾರ್ವೆಗೆ ಗೊತ್ತಿದ್ದ ‘ನಿಧಾನ’ ಓರ್ ಆಟದಲ್ಲಿತ್ತು, ಆದರೆ ಅದನ್ನು ಇಡೀ ತಂಡಕ್ಕೆ ಹಬ್ಬಿಸಲು ಅವರಿಗೂ ಆಗಲಿಲ್ಲ, ತರಬೇತುದಾರರಿಗೂ ಆಗಲಿಲ್ಲ. ಅಷ್ಟು ಪ್ರತಿಭೆ ತುಂಬಿದ ತಂಡ ಒಟ್ಟು ಎರಡೇ ಸ್ಟ್ಯಾನ್ಲಿ ಕಪ್ ಗೆದ್ದದ್ದು ಕಡಿಮೆಯೇ. 1972ರಲ್ಲಿ ಹುಟ್ಟಿಕೊಂಡ ಪ್ರತಿಸ್ಪರ್ಧಿ ಲೀಗು ಗೋಲಿ ಜೆರಿ ಚೀವರ್ಸ್, ಡೆರೆಕ್ ಸ್ಯಾಂಡರ್ಸನ್ ಮೊದಲಾದವರನ್ನು ಹೆಚ್ಚು ಸಂಬಳ ಕೊಟ್ಟು ಸೆಳೆದುಕೊಂಡದ್ದು ಒಂದು ಕಾರಣ. ಅದೊಂದೇ ಕಾರಣ ಎಂದು ನಾನು ಒಪ್ಪಲಾರೆ.

ಇನ್ನು ಆ ಪ್ರಸಿದ್ಧ ಛಾಯಾಚಿತ್ರ. 1970ರ ಮೇ 10, ಬಾಸ್ಟನ್ ಗಾರ್ಡನ್, ಸೇಂಟ್ ಲೂಯಿಸ್ ಬ್ಲೂಸ್ ವಿರುದ್ಧ ಫೈನಲ್‌ನ ನಾಲ್ಕನೆಯ ಪಂದ್ಯ. 3-3 ಆಗಿ ಹೆಚ್ಚುವರಿ ಅವಧಿಗೆ ಹೋಗಿ ನಲವತ್ತೇ ಸೆಕೆಂಡು ಕಳೆದಿತ್ತು. ಗೋಲಿನ ಹಿಂದಿನಿಂದ ಸ್ಯಾಂಡರ್ಸನ್ ಕೊಟ್ಟ ಪಾಸನ್ನು ಓರ್ ಬ್ಲೂಸ್ ಗೋಲಿ ಗ್ಲೆನ್ ಹಾಲ್ ಕಾಲುಗಳ ನಡುವೆ ತೂರಿಸಿದರು. ಬ್ಲೂಸ್ ರಕ್ಷಕ ನೋಯೆಲ್ ಪಿಕಾರ್ಡ್ ಅವರ ಸ್ಟಿಕ್ ಓರ್ ಕಾಲಿಗೆ ಸಿಕ್ಕಿ ಮೈ ಗಾಳಿಗೆದ್ದಿತು. ಖಾಲಿಯಾಗಿದ್ದ ಇನ್ನೊಬ್ಬ ಛಾಯಾಗ್ರಾಹಕನ ಜಾಗಕ್ಕೆ ಬಂದು ಕೂತಿದ್ದ ರೇ ಲುಸಿಯರ್ ಆ ಕ್ಷಣ ಹಿಡಿದರು: ನೆಲಕ್ಕೆ ಸಮನಾಗಿ ಗಾಳಿಯಲ್ಲಿ ತೇಲುತ್ತಿರುವ, ಎರಡೂ ಕೈ ಚಾಚಿದ, ಬಾಯಿ ತೆರೆದ ಇಪ್ಪತ್ತೆರಡರ ತರುಣ. ಬಾಸ್ಟನ್ 29 ವರ್ಷಗಳ ನಂತರ ಕಪ್ ಗೆದ್ದಿತ್ತು. ಇದೇ ಭಂಗಿಯ ಕಂಚಿನ ಪ್ರತಿಮೆ 2010ರಿಂದ ಈಗಿನ ಕ್ರೀಡಾಂಗಣದ ಹೊರಗೆ ನಿಂತಿದೆ.

ಚಿತ್ರ ಸುಂದರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓರ್ ಯಾರು ಎಂದು ಅದು ಹೇಳುವುದಿಲ್ಲ. ಅದರಲ್ಲಿರುವುದು ಗೋಲು ಆದಮೇಲಿನ ಕ್ಷಣ. ಗೋಲು ಹುಟ್ಟಿದ್ದು ಅದಕ್ಕೂ ಮುಂಚೆ, ಬ್ಲೂಸ್ ಆಟಗಾರ ತಮ್ಮ ವಲಯದಿಂದ ಹೊರಗೆ ದಬ್ಬಲು ನೋಡಿದ ಪಕ್ಕನ್ನು ಓರ್ ಹಿಂದೆ ಸರಿಯದೆ ಮುಂದೆ ಬಂದು ತಡೆದಾಗ. ಆ ತಡೆ ತಪ್ಪಿದ್ದರೆ ಎದುರಾಳಿಗಳು ಇಬ್ಬರು ಮೂವರು ಒಟ್ಟಿಗೆ ಬಾಸ್ಟನ್ ಗೋಲಿನತ್ತ ಓಡುತ್ತಿದ್ದರು. ಹೆಚ್ಚುವರಿ ಅವಧಿಯಲ್ಲಿ ರಕ್ಷಕನೊಬ್ಬ ಅಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುವುದು, ಸ್ಯಾಂಡರ್ಸನ್‌ಗೆ ಪಕ್ ತಳ್ಳಿ ನಿಲ್ಲದೆ ನೇರ ಗೋಲಿಗೆ ಓಡುವುದು, ಅದು ಬಾಬಿ ಓರ್. ಇನ್ನೊಂದು ಸತ್ಯವನ್ನೂ ಚಿತ್ರ ಮರೆಸುತ್ತದೆ: ಬ್ಲೂಸ್ ಹೊಸ ತಂಡ, ಲೀಗಿನ ಅಂದಿನ ವಿಂಗಡಣೆಯಿಂದಾಗಿ ಫೈನಲ್ ತಲುಪಿದ್ದು, ಸತತ ಮೂರನೆಯ ವರ್ಷ ಒಂದೂ ಪಂದ್ಯ ಗೆಲ್ಲದೆ ಫೈನಲ್ ಸೋತದ್ದು. ಆ ವರ್ಷದ ನಿಜವಾದ ಪರೀಕ್ಷೆ ನಡೆದದ್ದು ಅದಕ್ಕೆ ಮೊದಲಿನ ನ್ಯೂಯಾರ್ಕ್ ಸರಣಿಯಲ್ಲಿ, ಶಿಕಾಗೊ ಸರಣಿಯಲ್ಲಿ. ಒಂದು ಚಿತ್ರದ ಚೆಲುವು ಒಬ್ಬ ಆಟಗಾರನ ಆಲೋಚನೆಯನ್ನು ಇಷ್ಟು ಮುಚ್ಚಿಹಾಕಿದ ಇನ್ನೊಂದು ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಮೊಣಕಾಲಿನ ಕತೆಗೆ ಬರೋಣ. ಎಡ ಮೊಣಕಾಲಿಗೆ ಮೊದಲ ಶಸ್ತ್ರಚಿಕಿತ್ಸೆಯಾದದ್ದು 1968ರಲ್ಲಿ, ಓರ್ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ. ಅಂದರೆ ಮೇಲೆ ಹೇಳಿದ ದಾಖಲೆಗಳೆಲ್ಲ ಆರೋಗ್ಯವಂತ ಕಾಲಿನ ಸಾಧನೆಗಳಲ್ಲ. ಬಹುತೇಕ ಎಲ್ಲವೂ ಪೆಟ್ಟು ತಿಂದ ಕಾಲಿನವು. ಆಗಿನ್ನೂ ಸಣ್ಣ ರಂಧ್ರದ ಮೂಲಕ ದುರ್ಬೀನು ಹಾಯಿಸಿ ಕೀಲು ಸರಿಪಡಿಸುವ ವಿಧಾನ ಈ ಆಟಗಾರರ ಪಾಲಿಗೆ ಬಂದಿರಲಿಲ್ಲ. ಮೊಣಕಾಲನ್ನು ಅಗಲವಾಗಿ ಕೊಯ್ದು, ಹರಿದ ಮೆದುಮೂಳೆಯನ್ನು ತೆಗೆದುಹಾಕುತ್ತಿದ್ದರು. ಎಲುಬುಗಳ ನಡುವಿನ ಆ ಮೆತ್ತೆ ಹೋದಮೇಲೆ ಎಲುಬಿಗೆ ಎಲುಬು ಉಜ್ಜಿ ಸವೆಯುತ್ತದೆ. ಪ್ರತಿ ಚಿಕಿತ್ಸೆಯೂ ಮುಂದಿನ ಚಿಕಿತ್ಸೆಗೆ ದಾರಿ ಮಾಡಿಕೊಟ್ಟಿತು; ಒಟ್ಟು ಹನ್ನೆರಡಕ್ಕೂ ಹೆಚ್ಚು ಎನ್ನುತ್ತಾರೆ.

ಇದರಲ್ಲಿ ಓರ್ ಆಟದ ಪಾಲೂ ಇದೆ. ಪಕ್ಕನ್ನು ಅಷ್ಟು ಹೊತ್ತು ಇಟ್ಟುಕೊಳ್ಳುವವನ ಮೇಲೆ ಎಲ್ಲರೂ ಎರಗುತ್ತಾರೆ. ಪೂರ್ಣ ವೇಗದಲ್ಲಿ ಎದುರಾಳಿಗಳ ನಡುವಿನ ಸಂದಿಯಲ್ಲಿ ನುಗ್ಗುವವನಿಗೆ ಪೆಟ್ಟು ಯಾವ ಕಡೆಯಿಂದ ಬರುತ್ತದೆಂದು ಗೊತ್ತಾಗುವುದಿಲ್ಲ. 1969ರ ಏಪ್ರಿಲಿನಲ್ಲಿ ಟೊರಾಂಟೊದ ಪ್ಯಾಟ್ ಕ್ವಿನ್ ಮೈಮೇಲೆ ಬಿದ್ದ ರಭಸಕ್ಕೆ ಓರ್ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅವರೂ ಕೈ ಮಿಲಾಯಿಸಲು ಹಿಂಜರಿದವರಲ್ಲ. ಮೊದಲ ವರ್ಷಗಳಲ್ಲಿ ಮುಷ್ಟಿಕಾಳಗಗಳಿಗೆ ಮುಂದಾಗಿಯೇ ಇಳಿಯುತ್ತಿದ್ದರು. ಬಾಸ್ಟನ್ ತಂಡಕ್ಕೆ ಒರಟುತನವೇ ಒಂದು ಬಿರುದಾಗಿತ್ತು. ಇಂಥ ಮೇಧಾವಿ ಆಟಗಾರ ಆ ಬಿರುದಿಗಾಗಿ ಮೈ ಒಡ್ಡಿದ್ದನ್ನು ಶೌರ್ಯ ಎನ್ನಲು ನನಗೆ ಮನಸ್ಸಿಲ್ಲ. ಅದು ಆ ಲೀಗು ತನ್ನ ಶ್ರೇಷ್ಠ ಸಂಪತ್ತನ್ನು ಪೋಲುಮಾಡಿದ ರೀತಿ. ಆಟಕ್ಕೇನೂ ಅಗತ್ಯವಿಲ್ಲದ ಹೊಡೆದಾಟಕ್ಕೆ ಚಪ್ಪಾಳೆ ತಟ್ಟಿದ ವ್ಯವಸ್ಥೆಗೆ ಮೊಣಕಾಲಿಗಾಗಿ ಅಳುವ ಹಕ್ಕು ಕಡಿಮೆ.

ವ್ಯವಸ್ಥೆ ಎಂದಾಗ ಇನ್ನೂ ಹಿಂದಕ್ಕೆ ಹೋಗಬೇಕು. 1962ರಲ್ಲಿ, ಹದಿನಾಲ್ಕರ ಬಾಬಿಯನ್ನು ಬಾಸ್ಟನ್ ಕ್ಲಬ್ಬು ಒಂದು ಕಾಗದಕ್ಕೆ ಸಹಿ ಹಾಕಿಸಿ ಕಟ್ಟಿಕೊಂಡಿತು. ಆ ಕಾಲದ ಪದ್ಧತಿಯಲ್ಲಿ ಅಂಥ ಸಹಿ ಬಿದ್ದರೆ ಹುಡುಗನ ಮುಂದಿನ ವೃತ್ತಿಬದುಕೆಲ್ಲ ಆ ಕ್ಲಬ್ಬಿನ ಕೈಯಲ್ಲಿ. ಪ್ರತಿಯಾಗಿ ಮನೆಯವರಿಗೆ ಸಿಕ್ಕವುಗಳಲ್ಲಿ ಮನೆಯ ಹೊರಗೋಡೆಗೆ ಹೊಸ ಗಾರೆ ಮಾಡಿಸಿಕೊಡುವ ಮಾತೂ ಒಂದು. ಕಾರ್ಖಾನೆ ಕೆಲಸಗಾರನ ಮನೆಗೆ ಅದೇನು ಸಣ್ಣ ಮಾತಲ್ಲ. ಆದರೆ ಮುಂದೆ ಆ ಹುಡುಗನಿಂದ ಬಾಸ್ಟನ್ ಗಳಿಸಿದ್ದರ ಎದುರು ಇಟ್ಟು ನೋಡಿದರೆ ಮನಸ್ಸು ಮುದುಡುತ್ತದೆ. ಹದಿನಾಲ್ಕರ ಬಾಬಿ ಓಷಾವಾ ಜನರಲ್ಸ್ ತಂಡದಲ್ಲಿ ಹತ್ತೊಂಬತ್ತು ಇಪ್ಪತ್ತರವರ ಎದುರು ಆಡತೊಡಗಿದ.

ಈ ಹಿನ್ನೆಲೆಯಲ್ಲಿ ಅಲನ್ ಇಗಲ್‌ಸನ್ ಎಂಬ ಟೊರಾಂಟೊ ವಕೀಲ ಏಕೆ ದೇವರಂತೆ ಕಂಡ ಎಂಬುದು ಅರ್ಥವಾಗುತ್ತದೆ. 1966ರಲ್ಲಿ ಆತ ಓರ್ ಪರವಾಗಿ ಬಾಸ್ಟನ್ ಜೊತೆ ಮಾತುಕತೆಗೆ ಕುಳಿತು, ಹೊಸಬನೊಬ್ಬನಿಗೆ ಲೀಗು ಅದುವರೆಗೆ ಕೊಟ್ಟಿರದಷ್ಟು ಸಂಬಳ ಕೊಡಿಸಿದ. ಮಾಲೀಕರು ಹೇಳಿದ್ದೇ ಸಂಬಳ ಎಂಬ ಕಾಲ ಅಲ್ಲಿಗೆ ಅಲುಗಾಡಿತು. ಮರುವರ್ಷ ಆಟಗಾರರ ಸಂಘ ಹುಟ್ಟಿತು, ಇಗಲ್‌ಸನ್ ಅದರ ಮುಖ್ಯಸ್ಥನಾದ. ಇಷ್ಟು ಒಳ್ಳೆಯದೇ. ಆದರೆ ಅದೇ ವ್ಯಕ್ತಿ ಸಂಘದ ಮುಖ್ಯಸ್ಥ, ಹತ್ತಾರು ಆಟಗಾರರ ಏಜೆಂಟ್, ಅಂತರರಾಷ್ಟ್ರೀಯ ಪಂದ್ಯಾವಳಿಗಳ ಸಂಘಟಕ, ಕ್ಲಬ್ ಮಾಲೀಕರ ಆಪ್ತ. ಮೇಜಿನ ಎಲ್ಲ ಬದಿಗೂ ಒಬ್ಬನೇ ಕುಳಿತಿದ್ದ. ಓರ್ ತಮ್ಮ ಹಣಕಾಸೆಲ್ಲ ಅವನ ಕೈಗಿತ್ತು, ಕೇಳದೆ ಸಹಿ ಮಾಡುತ್ತ ಹೋದರು.

1976ರಲ್ಲಿ ಬಾಸ್ಟನ್ ಒಪ್ಪಂದ ಮುಗಿದಾಗ ಕ್ಲಬ್ಬಿನ ಕೊಡುಗೆಯಲ್ಲಿ ಮಾಲೀಕತ್ವದ ಸುಮಾರು ಶೇ. 18.5ರಷ್ಟು ಪಾಲೂ ಇತ್ತು. ಅದನ್ನು ಇಗಲ್‌ಸನ್ ತಮಗೆ ತಿಳಿಸಲೇ ಇಲ್ಲ ಎಂದು ಓರ್ ಹೇಳುತ್ತ ಬಂದಿದ್ದಾರೆ. ಇಗಲ್‌ಸನ್ ಅದನ್ನು ಅಲ್ಲಗಳೆದಿದ್ದಾನೆ. ಓರ್ ಬಾಸ್ಟನ್ ಬಿಟ್ಟು ಶಿಕಾಗೊಗೆ ಹೋದರು. ಆಟ ಬಿಟ್ಟ ಹೊತ್ತಿಗೆ, ಲೀಗಿನ ಮೊದಲ ಹತ್ತು ಲಕ್ಷ ಡಾಲರಿನ ಒಪ್ಪಂದ ಪಡೆದಿದ್ದ ಈ ಆಟಗಾರನ ಕೈಯಲ್ಲಿ ಉಳಿದಿದ್ದದ್ದು ಅಲ್ಪ, ತಲೆಯ ಮೇಲೆ ತೆರಿಗೆ ಬಾಕಿ. ಇಗಲ್‌ಸನ್ ವ್ಯವಹಾರಗಳನ್ನು ಬಯಲಿಗೆಳೆದದ್ದು ಮ್ಯಾಸಚೂಸೆಟ್ಸ್‌ನ ಒಂದು ಊರ ಪತ್ರಿಕೆಯ ಕ್ರೀಡಾ ಸಂಪಾದಕ ರಸ್ ಕಾನ್ವೆ. 1998ರ ಜನವರಿಯಲ್ಲಿ ಬಾಸ್ಟನ್ ಮತ್ತು ಟೊರಾಂಟೊ ನ್ಯಾಯಾಲಯಗಳಲ್ಲಿ ಇಗಲ್‌ಸನ್ ವಂಚನೆಯ ತಪ್ಪು ಒಪ್ಪಿಕೊಂಡ. ಹದಿನೆಂಟು ತಿಂಗಳ ಸಜೆಯಾಯಿತು, ಅದರಲ್ಲಿ ಆರು ತಿಂಗಳು ಸೆರೆಯಲ್ಲಿದ್ದ. ಆ ಆರೋಪಗಳು ಓರ್ ಒಪ್ಪಂದದ ಕುರಿತಾಗಿರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಆದರೆ ಅವನ ಹೆಸರು ಹಾಕಿಯ ಗೌರವ ಪಟ್ಟಿಯಲ್ಲಿ ಮುಂದುವರಿದರೆ ತಾವು ಹೊರಬರುವುದಾಗಿ ಹೇಳಿದ ಹಳೆಯ ಆಟಗಾರರಲ್ಲಿ ಓರ್ ಒಬ್ಬರು. ಇಗಲ್‌ಸನ್ ರಾಜೀನಾಮೆ ಕೊಟ್ಟ.

ಶಿಕಾಗೊ ವರ್ಷಗಳನ್ನು ಹೆಚ್ಚು ಎಳೆಯುವುದರಲ್ಲಿ ಅರ್ಥವಿಲ್ಲ. ಅಲ್ಲಿ ಆಡಿದ್ದು 26 ಪಂದ್ಯ. 1977-78ರ ಋತುವಿಡೀ ಹೊರಗುಳಿದರು, 1978ರ ನವೆಂಬರಿನಲ್ಲಿ ಮೂವತ್ತನೆಯ ವಯಸ್ಸಿಗೆ ನಿವೃತ್ತಿ ಹೇಳಿದರು. ಆಡದೆ ಇದ್ದ ಅವಧಿಯ ಸಂಬಳದ ಚೆಕ್ಕುಗಳನ್ನು ನಗದು ಮಾಡಿಸಿಕೊಳ್ಳಲಿಲ್ಲ. ಹಣಕ್ಕೆ ಅತ್ಯಂತ ಅಗತ್ಯವಿದ್ದ ಹೊತ್ತು ಅದು.

ಆದರೆ ಆ ಕೊನೆಗಾಲದಲ್ಲಿ ಒಂದು ತಿಂಗಳಿದೆ, ಅದನ್ನು ಬಿಟ್ಟು ಓರ್ ಬಗ್ಗೆ ಬರೆಯುವುದು ಸಾಧ್ಯವಿಲ್ಲ. ಅದಕ್ಕೂ ನಾಲ್ಕು ವರ್ಷ ಮುಂಚೆ, 1972ರಲ್ಲಿ, ಕೆನಡಾ ಮತ್ತು ಸೋವಿಯತ್ ಒಕ್ಕೂಟ ಎಂಟು ಪಂದ್ಯಗಳ ಐತಿಹಾಸಿಕ ಸರಣಿ ಆಡಿದಾಗ ಓರ್ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದರು. ತಂಡದ ಜೊತೆ ಮಾಸ್ಕೋಗೆ ಹೋದರೂ ಅಂಗಳಕ್ಕೆ ಇಳಿಯಲಾಗಲಿಲ್ಲ. 1976ರ ಸೆಪ್ಟೆಂಬರಿನ ಕೆನಡಾ ಕಪ್ ಅವರು ದೇಶಕ್ಕಾಗಿ ಆಡಿದ ಏಕೈಕ ದೊಡ್ಡ ಪಂದ್ಯಾವಳಿ. ಹಿಂದಿನ ಋತುವಿನಲ್ಲಿ ಹತ್ತೇ ಪಂದ್ಯ ಆಡಿದ್ದ ಕಾಲು ಅದು. ಪಂದ್ಯದ ಮರುದಿನ ನಡೆಯುವುದೇ ಕಷ್ಟವಾಗುತ್ತಿತ್ತೆಂದು ಜೊತೆಯವರು ಹೇಳಿದ್ದಾರೆ. ಏಳು ಪಂದ್ಯಗಳಲ್ಲಿ ಒಂಬತ್ತು ಪಾಯಿಂಟ್ ಗಳಿಸಿ ಪಂದ್ಯಾವಳಿಯ ಶ್ರೇಷ್ಠ ಆಟಗಾರನೆನಿಸಿದರು. ಅದೇ ತಂಡದ ತರುಣ ರಕ್ಷಕ ಡೆನಿಸ್ ಪಾಟ್ವಿನ್‌ಗೆ, ತನ್ನ ಆಟಕ್ಕಿಂತ ಓರ್ ಹೆಸರಿಗೇ ಹೆಚ್ಚು ಮನ್ನಣೆ ಸಿಕ್ಕಿತೆಂಬ ಅಸಮಾಧಾನವಿತ್ತು. ಅದರಲ್ಲಿ ಸ್ವಲ್ಪ ನಿಜವಿದ್ದೀತು. ಆದರೆ ಆ ಓರ್ ಬೇರೆಯೇ ಆಟಗಾರ. ಮೂರನೆಯ ವೇಗ ಹೋಗಿತ್ತು, ಇಡೀ ಅಂಗಳ ಸುತ್ತುವ ಶಕ್ತಿ ಹೋಗಿತ್ತು. ಉಳಿದದ್ದು ಎಲ್ಲಿಗೆ ಯಾವಾಗ ಪಾಸ್ ಕೊಡಬೇಕೆಂಬ ತಿಳಿವು. ಅಷ್ಟರಿಂದಲೇ ಆಟ ನಡೆಸಬಹುದೆಂದು ತೋರಿಸಿದರು. ಓರ್ ಎಂದರೆ ಕಾಲಿನ ವೇಗವಷ್ಟೇ ಎನ್ನುವವರಿಗೆ ನನ್ನ ಉತ್ತರ ಈ ಏಳು ಪಂದ್ಯಗಳು.

ನಂತರದವರ ಮಾತಿಗೆ ಬಂದರೆ, ಎಡ್ಮಂಟನ್‌ನ ಪಾಲ್ ಕಾಫಿ 1985-86ರಲ್ಲಿ 48 ಗೋಲು ಹೊಡೆದು ಓರ್ ಅವರ 46ರ ದಾಖಲೆ ಮುರಿದರು. ಅದೇ ಋತುವಿನಲ್ಲಿ 138 ಪಾಯಿಂಟ್ ಗಳಿಸಿದರು, ಓರ್‌ಗಿಂತ ಒಂದು ಕಡಿಮೆ. ಕಾಫಿಯನ್ನೂ ಇಂದಿನ ಎರಿಕ್ ಕಾರ್ಲ್‌ಸನ್, ಕೇಲ್ ಮಕಾರ್‌ರಂಥವರನ್ನೂ ಓರ್ ವಾರಸುದಾರರು ಎನ್ನುವುದು ರೂಢಿ. ಸರಿ, ಆದರೆ ಇವರೆಲ್ಲ ಕಾಲಿಟ್ಟದ್ದು ಓರ್ ತೆರೆದುಕೊಟ್ಟ ಅಂಗಳಕ್ಕೆ. ರಕ್ಷಕ ಮುಂದೆ ಹೋದರೆ ಅವನ ಜಾಗ ತುಂಬಲು ಮುನ್ನುಗ್ಗುವವನೊಬ್ಬ ಹಿಂದೆ ಸರಿಯಬೇಕೆಂಬುದು ಇಂದು ಮಕ್ಕಳ ತರಬೇತಿಯಲ್ಲೂ ಕಲಿಸುವ ಪಾಠ. ಓರ್ ಆಡುವಾಗ ಆ ಪಾಠ ಇರಲಿಲ್ಲ, ಬಹಳ ಸಲ ಮುಂದೆ ಹೋದವರೂ ಅವರೇ, ಹಿಂದೆ ಓಡಿ ಬಂದು ಬಾಗಿಲು ಮುಚ್ಚಿದವರೂ ಅವರೇ. ಅದಕ್ಕೇ ಅವರನ್ನು ಯಾರೂ ಪೂರ್ತಿ ಅನುಕರಿಸಲಾಗಿಲ್ಲ, ಅನುಕರಿಸಬೇಕಾಗಿಯೂ ಬರಲಿಲ್ಲ.

ಬಾಬಿ ಓರ್ ಸಾರ್ವಕಾಲಿಕ ಶ್ರೇಷ್ಠರೇ? ಗ್ರೆಟ್ಸ್ಕಿ ಹೆಚ್ಚು ಪಾಯಿಂಟ್ ಗಳಿಸಿದರು, ಗಾರ್ಡಿ ಹೋವ್ ಹೆಚ್ಚು ಕಾಲ ಆಡಿದರು. ಆದರೆ ಆಟದ ಒಂದು ಜಾಗದ ಅರ್ಥವನ್ನೇ ಬದಲಿಸಿದವರು, ಬದಲಿಸಿದ ಮೇಲೆ ಆ ಜಾಗದಲ್ಲಿ ತಮಗಿಂತ ಮೇಲಿನವರು ಬರದಂತೆ ಆಡಿಹೋದವರು ಓರ್ ಒಬ್ಬರೇ ಎಂಬುದು ನನ್ನ ತೀರ್ಮಾನ. ಅದಕ್ಕೆ ಅವರಿಗೆ ಇನ್ನೂ ಹತ್ತು ವರ್ಷ ಬೇಕಿರಲಿಲ್ಲ. ಗೌರವ ಪಟ್ಟಿಗೆ ಸೇರಿಸಿಕೊಳ್ಳುವವರೂ 1979ರಲ್ಲಿ ಹಾಗೆಯೇ ಯೋಚಿಸಿದ್ದಿರಬೇಕು; ನಿವೃತ್ತಿಯ ನಂತರ ಕಾಯಬೇಕಾದ ವರ್ಷಗಳನ್ನು ಮನ್ನಾ ಮಾಡಿ, ಮೂವತ್ತೊಂದನೆಯ ವಯಸ್ಸಿಗೇ ಅವರನ್ನು ಒಳಗೆ ಕರೆದರು.

ಆಸಕ್ತರಿಗೆ ಒಂದು ಸಲಹೆ. ಗೋಲುಗಳನ್ನಷ್ಟೇ ಪೋಣಿಸಿದ ತುಣುಕುಗಳನ್ನು ಬಿಟ್ಟು ಆ ಕಾಲದ ಒಂದು ಇಡೀ ಪಂದ್ಯವನ್ನು ಹುಡುಕಿ ನೋಡಿ. 1972ರ ಮೇ 11ರಂದು ನ್ಯೂಯಾರ್ಕಿನಲ್ಲಿ ಬಾಸ್ಟನ್ ಎರಡನೆಯ ಕಪ್ ಗೆದ್ದ ಪಂದ್ಯವಾದರೆ ಒಳ್ಳೆಯದು. 3-0ರ ಆ ಗೆಲುವಿನ ಮೊದಲ ಗೋಲು ಓರ್ ಅವರದು. ಪಕ್ ಎಲ್ಲೇ ಇರಲಿ, ನಾಲ್ಕನೇ ನಂಬರಿನ ಅಂಗಿಯ ಮೇಲೆಯೇ ಕಣ್ಣಿಡಿ.